ಬ್ಯಾಂಡ್ ಒಡೆಯುವಾಗ ಹಾಡು ಯಾರ ಪಾಲಿಗೆ?

ಪ್ರಶ್ನೆ: ನಾವು ನಾಲ್ವರು ಏಳು ವರ್ಷದಿಂದ ಧಾರವಾಡದಲ್ಲಿ ಬ್ಯಾಂಡ್ ನಡೆಸುತ್ತಿದ್ದೇವೆ. ನಾನು ಹಾಡುತ್ತೇನೆ, ಗಿಟಾರ್ ನುಡಿಸುತ್ತೇನೆ. ಐದು ಹಾಡುಗಳ ಒಂದು ಇಪಿ (ಆಲ್ಬಮ್ಮಿಗಿಂತ ಚಿಕ್ಕ ಸಂಗ್ರಹ) ಬಿಡುಗಡೆಯಾಗಿದೆ. ಸ್ಟುಡಿಯೋ ದುಡ್ಡು ಕೊಟ್ಟವನು ಬೇಸ್ ನುಡಿಸುವ ಗೆಳೆಯ, ಹಾಡುಗಳು ಅವನ ಅಕೌಂಟಿನಿಂದಲೇ ಆ್ಯಪ್‌ಗಳಿಗೆ ಹೋಗಿವೆ. ಈಗ ಒಬ್ಬ ಕೆಲಸಕ್ಕೆ ಪುಣೆಗೆ ಹೊರಟಿದ್ದಾನೆ, ಇನ್ನಿಬ್ಬರ ನಡುವೆ ಮಾತಿಲ್ಲ. ದೀಪಾವಳಿಯದೇ ಕೊನೆಯ ಕಾರ್ಯಕ್ರಮ. ನನ್ನ ಬಳಿ ಒಂಬತ್ತು ಹಾಡುಗಳಿವೆ. ನಾಲ್ಕು ಪೂರ್ತಿ ನನ್ನವೇ. ಮೂರನ್ನು ಬ್ಯಾಂಡಿನ ಜೊತೆ ವೇದಿಕೆಯಲ್ಲಿ ನುಡಿಸಿದ್ದೇವೆ, ರೆಕಾರ್ಡ್ ಮಾಡಿಲ್ಲ. ಒಂದು ಷರೀಫರ ತತ್ವಪದ, ಇನ್ನೊಂದು ಬೇಂದ್ರೆ ಕವಿತೆ. ಇದನ್ನೆಲ್ಲ ನನ್ನದೇ ಹೆಸರಿನಲ್ಲಿ ಆಲ್ಬಂ ಮಾಡಬೇಕೆಂದಿದ್ದೇನೆ. ‘ಬ್ಯಾಂಡಿನ ಹಾಡು ಒಬ್ಬನೇ ಹೊರಗೆ ತಂದರೆ ಸ್ಟ್ರೈಕ್ ಹಾಕಿಸ್ತೀನಿ’ ಎಂದು, ಅಂದರೆ ಯೂಟ್ಯೂಬಿಗೆ ಕೃತಿಸ್ವಾಮ್ಯದ ದೂರು ಕೊಟ್ಟು ಹಾಡು ತೆಗೆಸುತ್ತೇನೆಂದು, ಡ್ರಮ್ಸ್ ನುಡಿಸುವವನು ಹೇಳಿದ್ದಾನೆ. ಅವನಿಗೆ ಹಾಗೆ ಮಾಡಲು ಬರುತ್ತದೆಯೇ? ಮನೆಯಲ್ಲೇ ರೆಕಾರ್ಡ್ ಮಾಡಬಹುದೇ? ಈಗಲೇ ಬಿಡುಗಡೆ ಮಾಡಿದರೆ ಬ್ಯಾಂಡ್ ಒಡೆದವನು ನಾನೇ ಎಂದಾಗುವುದಿಲ್ಲವೇ?
— ಹೆಸರು ಬೇಡ, ಧಾರವಾಡ

ಉತ್ತರ: ನೀವು ಕೊನೆಯಲ್ಲಿ ಕೇಳಿದ್ದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತಿದೆ. ಅದರಿಂದಲೇ ಶುರು ಮಾಡುತ್ತೇನೆ.

ಬ್ಯಾಂಡ್ ಒಡೆಯುವ ಹೊತ್ತಿನ ಮೊದಲ ಸೋಲೋ ಆಲ್ಬಂ ಎಂದರೆ ಎಲ್ಲರಿಗೂ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ನೆನಪಾಗುತ್ತಾನೆ. 1970ರ ಏಪ್ರಿಲ್ 17ರಂದು ಆತನ ಆಲ್ಬಂ ಬಂತು, ಅದರಿಂದ ಬೀಟಲ್ಸ್ ಮುರಿಯಿತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಆದದ್ದು ಬೇರೆ. ತಾನು ಬಿಡುತ್ತೇನೆಂದು ಅದೇ ಬ್ಯಾಂಡಿನ ಜಾನ್ ಲೆನನ್ 1969ರ ಸೆಪ್ಟೆಂಬರ್‌ನಲ್ಲೇ ಉಳಿದವರಿಗೆ ಹೇಳಿಯಾಗಿತ್ತು, ಹೊರಗೆ ಗೊತ್ತಿರಲಿಲ್ಲ ಅಷ್ಟೆ. ರಿಂಗೋ ಸ್ಟಾರ್‌ನ ಸೋಲೋ ಆಲ್ಬಂ ಕೂಡ ಮೆಕಾರ್ಟ್ನಿಯದಕ್ಕಿಂತ ಮೂರು ವಾರ ಮುಂಚೆ, ಮಾರ್ಚ್ 27ಕ್ಕೆ ಬಂದಿತ್ತು. ಅದರ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಮೆಕಾರ್ಟ್ನಿಗೆ ಕೆಟ್ಟ ಹೆಸರು ತಂದದ್ದು ಎರಡು ಸಂಗತಿ. ಪತ್ರಿಕೆಗಳಿಗೆ ಆಲ್ಬಂ ಜೊತೆ ಹೋದ ಪ್ರಶ್ನೋತ್ತರದಲ್ಲಿ ಬ್ಯಾಂಡಿನಿಂದ ದೂರವಾದ ಮಾತು ಇತ್ತು, ಏಪ್ರಿಲ್ 10ರಂದು ಅದೇ ಸುದ್ದಿಯಾಯಿತು. ಜೊತೆಗೆ, ಬೀಟಲ್ಸ್‌ನ ಕೊನೆಯ ಆಲ್ಬಂ ಮೇ 8ಕ್ಕೆ ಬರುವುದಿತ್ತು. ‘ನಿನ್ನದನ್ನು ಮುಂದೂಡು’ ಎಂದು ಕೇಳಲು ಬಂದ ರಿಂಗೋನನ್ನು ಮೆಕಾರ್ಟ್ನಿ ಮನೆಯಿಂದ ಹೊರಗೆ ಕಳಿಸಿದ.

ಇದರಿಂದ ನಿಮಗೆ ಬೇಕಾದದ್ದು ಇಷ್ಟು: ಸೋಲೋ ಆಲ್ಬಂ ಮಾಡುವುದು ತಪ್ಪಲ್ಲ, ಬ್ಯಾಂಡ್ ಮುಗಿದ ಸುದ್ದಿಯನ್ನು ಆಲ್ಬಂ ಪ್ರಚಾರದಲ್ಲಿ ಬಿಚ್ಚುವುದು ತಪ್ಪು. ಕೊನೆಯ ಕಾರ್ಯಕ್ರಮಕ್ಕೆ ಮುಂಚೆ ನಾಲ್ವರ ಹೆಸರಿನಲ್ಲಿ, ಬ್ಯಾಂಡಿನ ಪುಟದಲ್ಲಿ, ನಾಲ್ಕು ಸಾಲಿನ ಪ್ರಕಟಣೆ ಬರಲಿ. ನಿಮ್ಮ ಮೊದಲ ಹಾಡು ಅದಾದ ಆರೆಂಟು ವಾರಕ್ಕೆ ಬರಲಿ. ಅಷ್ಟು ದಿನ ನಿಮಗೆ ಕೆಲಸವೂ ಬೇಕಾದಷ್ಟಿದೆ.

ಇನ್ನು ಹಾಡುಗಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಗೆಳೆತನ ಕೆಡುವುದು, ಆಲ್ಬಂ ನಿಲ್ಲುವುದು ಎರಡೂ ಇಲ್ಲೇ.

‘ಹಾಡು ಯಾರದು’ ಎಂದು ಕೇಳಿದಾಗ ಕಾನೂನು ಒಂದು ಹಾಡನ್ನು ಕಾಣುವುದಿಲ್ಲ, ಮೂರು ವಸ್ತುಗಳನ್ನು ಕಾಣುತ್ತದೆ. ಸಾಹಿತ್ಯ ಒಂದು, ಅದು ಬರೆದವರದು. ಸಂಗೀತ ಇನ್ನೊಂದು, ಅದು ಸಂಯೋಜಿಸಿದವರದು. ರೆಕಾರ್ಡಿಂಗ್ ಮೂರನೆಯದು, ಅದು ನಿರ್ಮಾಪಕರದು. ಅಂದರೆ ಆ ಧ್ವನಿಮುದ್ರಣವನ್ನು ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದವರದು. 1957ರ ಕೃತಿಸ್ವಾಮ್ಯ ಕಾಯ್ದೆ ಈ ಮೂರಕ್ಕೂ ಬೇರೆ ಬೇರೆ ಒಡೆಯರನ್ನು ಒಪ್ಪುತ್ತದೆ. ಹಾಡಿದವರಿಗೆ, ನುಡಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಇವುಗಳ ಹೊರತಾಗಿ ಇದೆ.

ಹಾಗಾಗಿ ‘ದುಡ್ಡು ಹಾಕಿದವನದೇ ಹಾಡು’ ಎಂಬ ಮಾತು ಅರ್ಧ ಸುಳ್ಳು. ಬೇಸ್ ಗೆಳೆಯ ಇಪಿಗೆ ದುಡ್ಡು ಕೊಟ್ಟು ತಾನೇ ಮಾಡಿಸಿದ್ದರೆ ಆ ಐದು ರೆಕಾರ್ಡಿಂಗ್‌ಗಳ ಮೇಲೆ ಅವನಿಗೆ ಬಲವಾದ ಹಕ್ಕಿದೆ. ಅವುಗಳ ಸಾಹಿತ್ಯ, ಸಂಗೀತ ಅದರಿಂದ ಅವನದಾಗುವುದಿಲ್ಲ. ಬರೀ ಸಾಲ ಕೊಟ್ಟಿದ್ದನೋ, ಮಾಡಿಸಿದ್ದನೋ ಎಂದು ತಿಳಿಯಲು ಸ್ಟುಡಿಯೋ ಬಿಲ್ ಯಾರ ಹೆಸರಿನಲ್ಲಿದೆ, ಆ್ಯಪ್‌ನಲ್ಲಿ ಆಲ್ಬಂ ಪುಟದ ತಳದ ಸಣ್ಣಕ್ಷರದ ಹಕ್ಕಿನ ಸಾಲಿನಲ್ಲಿ ಬ್ಯಾಂಡಿನ ಹೆಸರಿದೆಯೋ ಅವನ ಹೆಸರಿದೆಯೋ ನೋಡಿ. ‘ಹಾಡಿದವನದೇ ಹಾಡು’ ಎಂಬುದೂ ಇಂಥದ್ದೇ ಅರ್ಧ ಸುಳ್ಳು. ನನಗೆ ನಾನೇ ರಿಜಿಸ್ಟರ್ಡ್ ಪೋಸ್ಟ್ ಕಳಿಸಿಕೊಂಡರೆ ಹಕ್ಕು ಬರುತ್ತದೆ ಎಂಬುದು ಪೂರ್ತಿ ಸುಳ್ಳು. ಹಕ್ಕು ಹಾಡು ಹುಟ್ಟಿದಾಗಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಯ ಬಲ ಬೇಕೆನಿಸಿದರೆ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಬಹುದು. ಸಾಹಿತ್ಯಕ್ಕಾಗಲೀ ಸಂಗೀತಕ್ಕಾಗಲೀ ಒಂದು ಕೃತಿಗೆ 500 ರೂಪಾಯಿ, ರೆಕಾರ್ಡಿಂಗ್‌ಗೆ 2,000 ರೂಪಾಯಿ ಶುಲ್ಕ.

ಪೂರ್ತಿ ನಿಮ್ಮವೇ ಆದ ನಾಲ್ಕು ಹಾಡುಗಳಿಗೆ ತೊಂದರೆಯಿಲ್ಲ. ಫೋನಿನಲ್ಲಿ ಗುನುಗಿ ಇಟ್ಟ ಮೊದಲ ರೆಕಾರ್ಡಿಂಗ್‌ಗಳನ್ನು ಅಳಿಸಬೇಡಿ, ಅವುಗಳ ದಿನಾಂಕವೇ ನಿಮ್ಮ ದಾಖಲೆ.

ವೇದಿಕೆಯ ಮೂರು ಹಾಡುಗಳೇ ನಿಜವಾದ ತೊಡಕು. ಮಾತು, ರಾಗ ನೀವು ತಂದಿರಿ. ಅಭ್ಯಾಸದ ಕೋಣೆಯಲ್ಲಿ ಬೇಸ್‌ನವನು ಒಂದು ರಿಫ್ (ಮತ್ತೆಮತ್ತೆ ಬರುವ ಚಿಕ್ಕ ಸ್ವರಗುಚ್ಛ) ಹಾಕಿದ, ಕೀಬೋರ್ಡ್‌ನವನು ನಡುವೆ ಒಂದು ಸಂಗೀತದ ತುಣುಕು ಸೇರಿಸಿದ, ಜನ ಅದನ್ನೇ ಗುನುಗುತ್ತಾರೆ ಎಂದಿಟ್ಟುಕೊಳ್ಳಿ. ಆಗ ಅವರೂ ಸಹ-ಸಂಯೋಜಕರೇ? ಇರಬಹುದು. ‘ಎ ವೈಟರ್ ಶೇಡ್ ಆಫ್ ಪೇಲ್’ ಎಂಬ 1967ರ ಹಾಡಿನಲ್ಲಿ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಸುಮಾರು ನಾಲ್ಕು ದಶಕ ಕಳೆದ ಮೇಲೆ ಕೋರ್ಟಿಗೆ ಹೋದರು. ಆ ಆರ್ಗನ್ ಭಾಗಕ್ಕಾಗಿ ಸಂಗೀತದಲ್ಲಿ ಅವರಿಗೆ ಶೇ 40 ಪಾಲು ಕೊಟ್ಟ ತೀರ್ಪನ್ನು 2009ರಲ್ಲಿ ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು. ಬ್ರಿಟನ್ನಿನ ತೀರ್ಪು ನಮ್ಮ ಕೋರ್ಟಿಗೆ ಕಟ್ಟಲ್ಲ, ಆದರೆ ವಾದ ಇಲ್ಲಿಯೂ ಅದೇ. ನಮ್ಮ ಕಾಯ್ದೆಯಲ್ಲೂ ಒಬ್ಬರ ಕೊಡುಗೆಯನ್ನು ಇನ್ನೊಬ್ಬರದರಿಂದ ಬಿಡಿಸಲು ಬಾರದಂತೆ ಕೂಡಿ ಮಾಡಿದ್ದರೆ ಅದು ಜಂಟಿ ಕೃತಿ, ಒಬ್ಬರೇ ಅದರ ಪರವಾನಗಿ ಕೊಡುವಂತಿಲ್ಲ. ಹಾಡಿಗೆ ತಕ್ಕ ಸಾಮಾನ್ಯ ತಾಳ ಹಿಡಿದಿದ್ದರೆ ಡ್ರಮ್ಸ್‌ನವನದು ಸಂಯೋಜನೆ ಎನ್ನುವುದು ಕಷ್ಟ. ಹಾಡು ನಿಂತಿರುವುದೇ ಅವನು ಕಟ್ಟಿದ ಲಯದ ಮೇಲೆ ಎಂದಾದರೆ ಅವನ ಮಾತಿಗೂ ತೂಕವಿದೆ.

ಸ್ಟ್ರೈಕ್ ಬೆದರಿಕೆ ಪೊಳ್ಳಲ್ಲ, ಆದರೆ ಹಾಡನ್ನು ಮುಗಿಸಿಬಿಡುವ ಅಸ್ತ್ರವೂ ಅಲ್ಲ. ಯೂಟ್ಯೂಬ್‌ನಲ್ಲಿ ಅವನು ತೆಗೆಸಿದರೆ ನೀವು ಪ್ರತಿ-ನೋಟಿಸ್ ಕೊಡಬಹುದು. ಹತ್ತು ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದದ್ದಕ್ಕೆ ಅವನು ಪುರಾವೆ ತೋರಿಸದಿದ್ದರೆ ಹಾಡು ಮರಳುತ್ತದೆ. ಆದರೆ ಹಾಗೆ ತೆರವಾಗದ ಸ್ಟ್ರೈಕ್ 90 ದಿನ ಚಾನೆಲ್ ಮೇಲೆ ಕೂತಿರುತ್ತದೆ, ಆ ಅವಧಿಯಲ್ಲಿ ಮೂರಾದರೆ ಚಾನೆಲ್ಲೇ ಹೋಗಬಹುದು. ಸ್ಪಾಟಿಫೈನಂಥ ಕಡೆ ಇನ್ನೂ ಕಷ್ಟ. ಅಲ್ಲಿಗೆ ಹಾಡು ತಲುಪಿಸುವ ವಿತರಣಾ ಸಂಸ್ಥೆ ಸರಿತಪ್ಪು ವಿಚಾರಿಸುತ್ತ ಕೂರುವುದಿಲ್ಲ. ‘ನೀವು ನೀವು ಬಗೆಹರಿಸಿಕೊಳ್ಳಿ’ ಎಂದು ಹಾಡನ್ನು ಇಳಿಸಿಬಿಡುತ್ತದೆ. ಬಿಡುಗಡೆಯ ಮೊದಲ ಎರಡು ವಾರದಲ್ಲಿ ಹೀಗಾದರೆ ಆಲ್ಬಮ್ಮಿನ ಓಟವೇ ನಿಂತಂತೆ.

ನಿಮ್ಮ ಮುಂದೆ ಮೂರು ದಾರಿಗಳಿವೆ. ಪಾಲು ಬರೆದುಕೊಂಡು ಒಪ್ಪಿಗೆ ಪಡೆಯುವುದು ಒಂದು. ಅವರ ರಿಫ್, ನಡುವಿನ ತುಣುಕು ಎಲ್ಲ ತೆಗೆದು ನಿಮ್ಮ ಮಾತು-ರಾಗದ ಮೇಲೆ ಹೊಸದಾಗಿ ಕಟ್ಟುವುದು ಇನ್ನೊಂದು. ಇದರಲ್ಲಿ ಅಪಾಯವಿದೆ, ಏಳು ವರ್ಷ ಕೇಳಿದ ಕಿವಿ ಗೊತ್ತಿಲ್ಲದೆ ಹಳೆಯದನ್ನೇ ವಾಪಸ್ ತರುತ್ತದೆ. ‘ಇಷ್ಟು ಸ್ವರ ಬದಲಿಸಿದರೆ ನಡೆಯುತ್ತದೆ’ ಎಂಬ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ. ಮೂರನೆಯದು ಆ ಹಾಡುಗಳನ್ನು ಸದ್ಯಕ್ಕೆ ಬಿಡುವುದು. ನನ್ನ ಆಯ್ಕೆ ಮೊದಲನೆಯದು, ಅದೂ ದೀಪಾವಳಿಯ ಕಾರ್ಯಕ್ರಮಕ್ಕೆ ಮುಂಚೆ. ನಾಲ್ವರೂ ಒಂದೇ ಊರಿನಲ್ಲಿ, ಒಂದೇ ಕೋಣೆಯಲ್ಲಿ ಸಿಗುವುದು ಅಲ್ಲಿಯವರೆಗೆ ಮಾತ್ರ. ಪುಣೆಗೆ ಹೋದವನ ಸಹಿಗೆ ಆಮೇಲೆ ಆರು ತಿಂಗಳು ಕಾಯಬೇಕಾಗುತ್ತದೆ.

ಕಾಗದ ದೊಡ್ಡದಾಗಿರಬೇಕಿಲ್ಲ. ಪ್ರತಿ ಹಾಡಿಗೆ ಒಂದು ಹಾಳೆ ಸಾಕು:

‘ಹಾಡಿನ ಹೆಸರು: ______. ಸಾಹಿತ್ಯ: (ನೀವು) ಶೇ 100. ಸಂಗೀತ: (ನೀವು) ಶೇ 70, (ಬೇಸ್) ಶೇ 15, (ಕೀಬೋರ್ಡ್) ಶೇ 15. ಈ ಹಾಡನ್ನು (ನೀವು) ತಮ್ಮ ಹೆಸರಿನಲ್ಲಿ ಹೊಸದಾಗಿ ಧ್ವನಿಮುದ್ರಿಸಿ, ಜಗತ್ತಿನ ಎಲ್ಲೆಡೆ, ಎಲ್ಲ ಡಿಜಿಟಲ್ ಹಾಗೂ ಭೌತಿಕ ಮಾಧ್ಯಮಗಳಲ್ಲಿ, ಕೃತಿಸ್ವಾಮ್ಯದ ಪೂರ್ತಿ ಅವಧಿಗೆ ಬಿಡುಗಡೆ ಮಾಡಲು ನಮ್ಮ ಒಪ್ಪಿಗೆಯಿದೆ. ಹೊಸ ರೆಕಾರ್ಡಿಂಗ್‌ನ ಒಡೆತನ ಅವರದು. ಸಂಯೋಜಕರ ರಾಯಧನ ಮೇಲಿನ ಪಾಲಿನಂತೆ. ಹೆಸರು, ಸಹಿ, ದಿನಾಂಕ.’

ಇದರಲ್ಲಿ ‘ಜಗತ್ತಿನ ಎಲ್ಲೆಡೆ’, ‘ಪೂರ್ತಿ ಅವಧಿಗೆ’ ಎಂಬ ಎರಡು ಮಾತು ಬಿಡಬೇಡಿ. ಅವಧಿ ಬರೆಯದಿದ್ದರೆ ಕಾಯ್ದೆಯ 19ನೇ ಸೆಕ್ಷನ್ ಅದನ್ನು ಐದೇ ವರ್ಷ ಎಂದು ಹಿಡಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವಾಟ್ಸ್ಆ್ಯಪ್‌ನಲ್ಲಿ ‘ಓಕೆ ಮಗಾ, ಮಾಡ್ಕೊ’ ಎಂದದ್ದು ನಾಳೆ ಸಾಕ್ಷಿಗೆ ಉಪಯೋಗಕ್ಕೆ ಬರಬಹುದು, ಸಹಿ ಮಾಡಿದ ಕಾಗದದ ಬದಲಿಗಲ್ಲ. ಶೇಕಡಾವಾರು ಮಾತಿನಲ್ಲಿ ಜಗಳ ಬಂದರೆ ಒಂದು ಉಪಾಯ: ಪ್ರತಿಯೊಬ್ಬರೂ ಬೇರೆಬೇರೆಯಾಗಿ ಚೀಟಿಯಲ್ಲಿ ತಮಗೆ ತೋಚಿದ ಪಾಲು ಬರೆಯಲಿ, ಆಮೇಲೆ ಸರಾಸರಿ ತೆಗೆಯಿರಿ. ಮಾತಿಲ್ಲದವರ ನಡುವೆಯೂ ಇದು ನಡೆಯುತ್ತದೆ. ಸಹಿಯಾದ ಮೇಲೆ, ಹಾಡು ಬರೆದವರ, ಸಂಯೋಜಿಸಿದವರ ರಾಯಧನ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ ಇದೇ ಶೇಕಡಾವಾರು ನೋಂದಾಯಿಸಿ. ಒಬ್ಬರು ಒಂದು ಲೆಕ್ಕ, ಇನ್ನೊಬ್ಬರು ಇನ್ನೊಂದು ಲೆಕ್ಕ ಕೊಟ್ಟರೆ ಹಣ ಯಾರಿಗೂ ಬಾರದೆ ಅಲ್ಲೇ ಕೂರುತ್ತದೆ.

ಯಾರಾದರೂ ಸಹಿ ಹಾಕಲಿಲ್ಲವೆಂದರೆ ಆ ಹಾಡು ಬಿಡಿ, ಮನಸ್ಸು ಗಟ್ಟಿ ಮಾಡಿ. ಮೂರೂ ಹೋದರೂ ನಿಮ್ಮ ಬಳಿ ಆರು ಹಾಡುಗಳು ಉಳಿಯುತ್ತವೆ. ಸಾಮಾನ್ಯವಾಗಿ ಏಳು ಹಾಡಿದ್ದರೆ ಅಥವಾ 30 ನಿಮಿಷ ದಾಟಿದರೆ ಆ್ಯಪ್‌ಗಳು ಆಲ್ಬಂ ಎಂದು ತೋರಿಸುತ್ತವೆ, ಹೊಸದೊಂದನ್ನು ಬರೆದರೆ ಆಯಿತು.

ಷರೀಫರ ತತ್ವಪದಕ್ಕೆ, ಬೇಂದ್ರೆ ಕವಿತೆಗೆ ಲೆಕ್ಕ ಬೇರೆ ಬೇರೆ. ಷರೀಫರು ತೀರಿಕೊಂಡದ್ದು 1889ರಲ್ಲಿ, ಅವರ ಮಾತು ಯಾರ ಸ್ವತ್ತೂ ಅಲ್ಲ. ಆದರೆ ನೀವು ಹಾಡುತ್ತಿರುವ ಧಾಟಿ ಯಾವುದು? ನಾವೆಲ್ಲ ಕೇಳಿ ಬೆಳೆದ ಷರೀಫರ ಧಾಟಿಗಳಲ್ಲಿ ಬಹಳಷ್ಟು ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರಲ್ಲಿ, ಕೃತಿಸ್ವಾಮ್ಯ ನಿಧನಾನಂತರ 60 ವರ್ಷ ಇರುತ್ತದೆ. ಜನಪದರ ಧಾಟಿ ಎಂದುಕೊಂಡು ಅವರದನ್ನು ಬಳಸುವ ತಪ್ಪು ತುಂಬಾ ಸಾಮಾನ್ಯ. ನಿಮ್ಮದೇ ಧಾಟಿ ಕಟ್ಟಿ, ಆಗ ಸಂಗೀತವೂ ನಿಮ್ಮದಾಗುತ್ತದೆ. ಅಂತರಾಗ್ನಿ ಬ್ಯಾಂಡ್ ಮುಗಿದ ಮೇಲೆ 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮಿನಲ್ಲಿ ಷರೀಫರ ಪದಗಳು ಹೊಸ ಸಂಗೀತದಲ್ಲಿ ಬಂದು ಊರೂರು ಸುತ್ತಿದ್ದು ನಿಮಗೆ ಗೊತ್ತೇ ಇದೆ. ಬೇಂದ್ರೆ ತೀರಿಕೊಂಡದ್ದು 1981ರ ಅಕ್ಟೋಬರ್‌ನಲ್ಲಿ. ಅಂದರೆ 2041ರ ಕೊನೆಯವರೆಗೆ ಹಕ್ಕುದಾರರ ಲಿಖಿತ ಅನುಮತಿ ಬೇಕು. ನೀವಿರುವುದೇ ಧಾರವಾಡ, ಬೇಂದ್ರೆಯವರ ಮನೆಯಿರುವ ಸಾಧನಕೇರಿಗೆ ಹೋಗಿ ವಿಚಾರಿಸುವುದರಿಂದ ಶುರು ಮಾಡಿ. ಕವಿತೆಯ ಹೆಸರು, ಹಾಡುವ ಸಾಲುಗಳು, ಬಿಡುಗಡೆಯ ರೀತಿ ಮೂರನ್ನೂ ಬರೆದ ಪತ್ರ ಕೊಡಿ. ಅನುಮತಿ ಬರುವ ಮೊದಲು ಸ್ಟುಡಿಯೋ ಬುಕ್ ಮಾಡಬೇಡಿ.

ಬ್ಯಾಂಡಿನ ಹೆಸರು, ಸಾಮಾನು, ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಲಿಖಿತ ಒಪ್ಪಂದ ಇಲ್ಲದೆ ಸೇರಿ ದುಡಿದು ಲಾಭ ಹಂಚಿಕೊಂಡ ನಾಲ್ವರನ್ನು ಕಾನೂನು 1932ರ ಪಾಲುದಾರಿಕೆ ಕಾಯ್ದೆಯಡಿ ಪಾಲುದಾರರೆಂದು ನೋಡುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಹೆಸರಿನ ವರ್ಚಸ್ಸೂ ಎಲ್ಲರ ಆಸ್ತಿ, ಹೆಸರಿಟ್ಟವನೊಬ್ಬನದಲ್ಲ. ಬೇರೆ ಮಾತಾಗಿಲ್ಲದಿದ್ದರೆ ಪಾಲು ಸಮ. ಮೊದಲು ಹೊರಗಿನ ಸಾಲ, ಆಮೇಲೆ ಪಾಲುದಾರರು ಕೈಯಿಂದ ಕೊಟ್ಟ ಮುಂಗಡ, ಅದಾದ ಮೇಲೆ ಹಾಕಿದ ಬಂಡವಾಳ, ಉಳಿದದ್ದು ಹಂಚಿಕೆ. ಬೇಸ್ ಗೆಳೆಯನ ಸ್ಟುಡಿಯೋ ದುಡ್ಡು ಮುಂಗಡವೋ ಅಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗಬೇಕು. ಬೀಟಲ್ಸ್ ಪಾಲುದಾರಿಕೆ ವಿಸರ್ಜಿಸಲು ಮೆಕಾರ್ಟ್ನಿ 1970ರ ಡಿಸೆಂಬರ್ 31ರಂದು ದಾವೆ ಹೂಡಿದ. ಅದು ಪೂರ್ತಿ ಮುಗಿದದ್ದು 1975ರ ಜನವರಿಯಲ್ಲಿ. 1967ರ ಅವರ ಒಪ್ಪಂದದಲ್ಲಿ ಸೋಲೋ ಗಳಿಕೆಯೂ ಒಂದೇ ಗಂಟಿಗೆ ಸೇರುತ್ತಿತ್ತು, ಅದಕ್ಕೇ ಅಷ್ಟು ಎಳೆದಾಟ. ನೀವು ನಾಲ್ವರು ‘ಇಂಥ ದಿನಾಂಕದಿಂದ ಬ್ಯಾಂಡ್ ಮುಗಿಯಿತು, ಆ ಮೇಲಿನ ಅವರವರ ದುಡಿಮೆ ಅವರವರದು, ಬ್ಯಾಂಡಿನ ಹೆಸರನ್ನು ನಾಲ್ವರ ಒಪ್ಪಿಗೆಯಿಲ್ಲದೆ ಯಾರೂ ಬಳಸುವುದಿಲ್ಲ’ ಎಂದು ಬರೆದು ಸಹಿ ಹಾಕಿದರೆ ಸಾಕು. ‘ಇಂಥ ಬ್ಯಾಂಡಿನಲ್ಲಿ ಹಾಡುತ್ತಿದ್ದವರು’ ಎಂದು ಪರಿಚಯಿಸಿಕೊಳ್ಳಲು ತೊಂದರೆಯಿಲ್ಲ, ಅದು ನಿಜವೇ ತಾನೆ. ಬ್ಯಾಂಡಿನ ಲೋಗೋ ಮಾತ್ರ ಪೋಸ್ಟರಿಗೆ ಬೇಡ.

ಹಳೆಯ ಇಪಿಯನ್ನು ಸಿಟ್ಟಿನಲ್ಲಿ ತೆಗೆಸಬೇಡಿ. ಅಕೌಂಟ್ ಬದಲಿಸಲೇಬೇಕಾದರೆ ಪ್ರತಿ ಹಾಡಿನ ಐಎಸ್‌ಆರ್‌ಸಿ, ಅಂದರೆ 12 ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ಮೊದಲು ಬರೆದುಕೊಳ್ಳಿ. ಅದೇ ಸಂಖ್ಯೆ, ಅದೇ ಹೆಸರು, ಅದೇ ಫೈಲಿನಿಂದ ಹೊಸ ಅಕೌಂಟಿನಲ್ಲಿ ಏರಿಸಿ, ಅದು ಕಾಣಿಸಿಕೊಂಡ ಮೇಲೆ ಹಳೆಯದನ್ನು ಇಳಿಸಿ. ಸಂಖ್ಯೆ ತಪ್ಪಿದರೆ ಇಷ್ಟು ದಿನದ ಕೇಳುಗರ ಲೆಕ್ಕ ಸೊನ್ನೆಯಿಂದ ಶುರು. ಹಾರ್ಡ್‌ಡಿಸ್ಕಿನಲ್ಲಿರುವ ಮೂಲ ಟ್ರ್ಯಾಕ್‌ಗಳನ್ನು ಕಾಗದಕ್ಕೆ ಸಹಿ ಹಾಕುವ ದಿನವೇ ನಾಲ್ವರೂ ನಕಲು ಮಾಡಿಕೊಳ್ಳಿ.

ಈಗ ರೆಕಾರ್ಡಿಂಗ್. ಮನೆಯಲ್ಲಿ ಆಗುತ್ತದೆ. ಮೆಕಾರ್ಟ್ನಿ ಲಂಡನ್ನಿನ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಸ್ಟೂಡರ್ ಯಂತ್ರಕ್ಕೆ ಮೈಕನ್ನು ನೇರ ಸಿಕ್ಕಿಸಿ ಶುರು ಮಾಡಿದ. ಮಿಕ್ಸರ್ ಇಲ್ಲ, ಸದ್ದಿನ ಮಟ್ಟ ತೋರಿಸುವ ಮೀಟರೂ ಇಲ್ಲ. ರೆಕಾರ್ಡ್ ಮಾಡಿ, ಕೇಳಿ, ಸದ್ದು ಒಡೆದಿದ್ದರೆ ಮೈಕ್ ಸರಿಸಿ ಮತ್ತೆ ಹಾಡುವುದು. ಆದರೆ ಅವನೂ ಕೊನೆಗೆ ಕೆಲವು ಹಾಡಿಗೆ ಸ್ಟುಡಿಯೋಗೆ ಹೋದ. ನೀವೂ ಹಾಗೇ ಹಂಚಿಕೊಳ್ಳಿ: ದನಿ, ಗಿಟಾರ್ ಮನೆಯಲ್ಲಿ, ಡ್ರಮ್ಸ್ ಸ್ಟುಡಿಯೋದಲ್ಲಿ, ಎಲ್ಲ ಟ್ರ್ಯಾಕ್ ಹದವಾಗಿ ಬೆರೆಸುವ ಮಿಕ್ಸ್ ಬೇರೆಯವರ ಕೈಯಲ್ಲಿ.

ಮೊದಲು ಶ್ರುತಿ. ಡ್ರಮ್ಸ್ ಸದ್ದಿನ ಮೇಲೆ ಕೇಳಿಸಬೇಕೆಂದು ವೇದಿಕೆಯ ಹಾಡುಗಳನ್ನು ಎತ್ತರದ ಶ್ರುತಿಯಲ್ಲಿ ಕೂರಿಸಿರುತ್ತೇವೆ. ಮೈಕಿಗೆ ಹತ್ತಿರ ನಿಂತು ಹಾಡುವಾಗ ಅದೇ ಶ್ರುತಿ ಕಿರುಚಿದಂತೆ ಕೇಳುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನು ಮೂರು ಸಲ ಬಿಡದೆ ಹಾಡಿ, ಮೂರನೆಯ ಸಲ ಕತ್ತಿನ ನರ ಬಿಗಿದರೆ ಒಂದು ಅಥವಾ ಎರಡು ಸ್ವರಸ್ಥಾನ ಇಳಿಸಿ. ವೇಗಕ್ಕೆ ಹಳೆಯ ಕಾರ್ಯಕ್ರಮದ ಫೋನ್ ರೆಕಾರ್ಡಿಂಗ್‌ನಲ್ಲಿ ಪಲ್ಲವಿಗೆ ತಾಳ ತಟ್ಟಿ ಅಳೆಯಿರಿ, ಅದಕ್ಕಿಂತ ಎರಡು-ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ತಾಳದ ಪೆಟ್ಟು) ಕಡಿಮೆ ಇಡಿ. ವೇದಿಕೆಯಲ್ಲಿ ಎಲ್ಲರೂ ಓಡಿರುತ್ತಾರೆ.

ಮೈಕ್ ಮುಂದಿನ ಸದ್ದನ್ನು ಹಿಡಿಯುತ್ತದೆ, ಅಂದರೆ ನಿಮ್ಮ ಬಾಯಿಯ ಜೊತೆಗೆ ನಿಮ್ಮ ಬೆನ್ನ ಹಿಂದಿನ ಗೋಡೆಯ ಪ್ರತಿಧ್ವನಿಯನ್ನೂ. ಹಾಗಾಗಿ ಫೋಮ್ ತುಂಡುಗಳನ್ನು ಮೈಕಿನ ಹಿಂದೆ ಅಂಟಿಸುವುದಕ್ಕಿಂತ ನಿಮ್ಮ ಬೆನ್ನ ಹಿಂದೆ, ಎರಡೂ ಪಕ್ಕ ದಪ್ಪ ಕೌದಿ ತೂಗುಹಾಕುವುದು ಮೇಲು. ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು ತೂಗುಹಾಕಿ. ಬಾಯಿಗೂ ಮೈಕಿಗೂ 15ರಿಂದ 20 ಸೆಂಟಿಮೀಟರ್ ಅಂತರ, ನಡುವೆ ಉಸಿರಿನ ಬಡಿತ ತಡೆಯುವ ಪಾಪ್ ಫಿಲ್ಟರ್. ರೆಕಾರ್ಡಿಂಗ್ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಜೋರಾಗಿ ಹಾಡಿದಾಗಲೂ ಮಟ್ಟ ಮೈನಸ್ 10 ಡೆಸಿಬೆಲ್ ಆಸುಪಾಸಿನಲ್ಲೇ ಇರಲಿ. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ರೆಕಾರ್ಡಿಂಗ್ ನಿಲ್ಲಿಸಿ, ಅಗ್ಗದ ಇನ್ವರ್ಟರುಗಳ ಗುಂಯ್‌ಗುಡುವಿಕೆ ಗಿಟಾರ್ ಪಿಕಪ್‌ಗೆ ಹತ್ತುತ್ತದೆ, ಆಮೇಲೆ ತೆಗೆಯಲು ಬಾರದು. ಲ್ಯಾಪ್‌ಟಾಪ್ ಚಾರ್ಜರ್ ಕಳಚಿದಾಗ ಗುಂಯ್ ಸದ್ದು ನಿಂತರೆ ಅರ್ಥಿಂಗ್ ಸರಿಯಿಲ್ಲದಿರಬಹುದು.

ಎಲ್ಲ ವಾದ್ಯವನ್ನೂ ನೀವೇ ನುಡಿಸುವ ಆಸೆ ಬರುತ್ತದೆ. ಬೇಡ ಎನ್ನುತ್ತೇನೆ. ನಿಮ್ಮ ಕೈ ತಾಳಕ್ಕಿಂತ ಕೂದಲೆಳೆಯಷ್ಟು ಮುಂದೆ ಬೀಳುವ ರೂಢಿಯದಾಗಿದ್ದರೆ ಎಲ್ಲ ಟ್ರ್ಯಾಕೂ ಅಷ್ಟೇ ಮುಂದೆ ಬೀಳುತ್ತದೆ, ಹಾಡು ಉಸಿರು ಕಟ್ಟಿದಂತಾಗುತ್ತದೆ. ಬ್ಯಾಂಡಿನಲ್ಲಿ ಇನ್ನೊಬ್ಬ ಹಿಂದೆ ಎಳೆದು ಅದನ್ನು ಸರಿದೂಗಿಸುತ್ತಿದ್ದ. ಕಡೇಪಕ್ಷ ಬೇಸ್, ಡ್ರಮ್ಸ್ ಬೇರೆಯವರಿಂದ ನುಡಿಸಿಕೊಳ್ಳಿ. ಮನೆಯ ಟ್ರ್ಯಾಕ್‌ಗಳು ಮುಗಿದ ಮೇಲೆ ಸ್ಟುಡಿಯೋಗೆ ಹೋದರೆ ಒಳ್ಳೆಯ ಡ್ರಮ್ಮರ್ ದಿನಕ್ಕೆ ನಾಲ್ಕು ಹಾಡು ಮುಗಿಸಬಲ್ಲ. ಎಲ್ಲ ಫೈಲ್‌ಗಳೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗುವಂತೆ ವೇವ್ ಫೈಲ್ ತೆಗೆಯಿರಿ, ಹೆಸರಿನಲ್ಲಿ ಬಿಪಿಎಂ ಬರೆಯಿರಿ. ಕೂಲಿಗೆ ನುಡಿಸಿದವರಿಂದಲೂ, ಸಂಭಾವನೆ ಕೊಡುವಾಗಲೇ, ಬಳಕೆಯ ಒಪ್ಪಿಗೆಗೆ ಸಹಿ ಪಡೆಯಿರಿ. ಮಿಕ್ಸ್‌ಗೆ ಕಳಿಸುವಾಗ ಮಾಸ್ಟರ್ (ಎಲ್ಲ ಸೇರಿದ ಒಟ್ಟು ಸದ್ದು) ಮೇಲೆ ಸದ್ದಿನ ತುದಿ ಒತ್ತುವ ಲಿಮಿಟರ್ ಬೇಡ. ಮಾಸ್ಟರಿಂಗ್‌ನಲ್ಲಿ, ಅಂದರೆ ಮಿಕ್ಸ್ ಆದ ಹಾಡಿಗೆ ಕೊನೆಯ ಹದ ಕೊಡುವಾಗ, ಸದ್ದು ಹಿಂಡಿಸಬೇಡಿ. ಸ್ಪಾಟಿಫೈ, ಸದ್ದಿನ ಸರಾಸರಿ ಜೋರು ಅಳೆಯುವ ಮಾನದಲ್ಲಿ, ಮೈನಸ್ 14 ಎಲ್‌ಯುಎಫ್‌ಎಸ್ ಸುತ್ತ ಎಲ್ಲವನ್ನೂ ಸಮ ಮಾಡುತ್ತದೆ, ಅದಕ್ಕಿಂತ ಜೋರು ಮಾಡಿದ್ದು ಅಲ್ಲಿ ಇಳಿಯುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್ ಇರಲಿ.

ಏರಿಸುವ ಕೆಲಸವನ್ನು ಬಿಡುಗಡೆಗೆ ನಾಲ್ಕು ವಾರ ಮುಂಚೆ ಮುಗಿಸಿ. ಸ್ಪಾಟಿಫೈನ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ ಏಳು ದಿನ ಮುಂಚೆ ಎಂಬ ನಿಯಮವಿದೆ, ಏಳನೆಯ ದಿನಕ್ಕೆ ಕಾಯುವುದು ಬೇಡ. ನಿಮ್ಮ ಹೆಸರಿನ ಹೊಸ ಕಲಾವಿದ ಪುಟ ತೆರೆಯಿಸಿ. ಬ್ಯಾಂಡಿನ ಪುಟಕ್ಕೆ ಹಾಡು ಹೋಗದಂತೆ ಫಾರ್ಮಿನಲ್ಲಿ ಎರಡು ಸಲ ನೋಡಿ, ಅಲ್ಲಿ ಬಿದ್ದ ಹಾಡನ್ನು ಎತ್ತಿಸುವಷ್ಟರಲ್ಲಿ ಡ್ರಮ್ಸ್ ಗೆಳೆಯನ ಕೈಗೆ ನಿಜವಾದ ಕಾರಣ ಸಿಕ್ಕಿರುತ್ತದೆ. ಕೊಂಡ ಲೂಪ್ ಅಥವಾ ಸ್ಯಾಂಪಲ್ ಬಳಸಿದ ಹಾಡಿಗೆ ಯೂಟ್ಯೂಬ್ ಕಂಟೆಂಟ್ ಐಡಿ (ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡನ್ನು ತಾನಾಗಿ ಪತ್ತೆಹಚ್ಚುವ ವ್ಯವಸ್ಥೆ) ಆಯ್ಕೆ ಟಿಕ್ ಮಾಡಬೇಡಿ. ಅದೇ ಲೂಪ್ ಬಳಸಿದ ಬೇರೆಯವರ ಹಾಡಿನ ಮೇಲೆ ನಿಮ್ಮ ಹೆಸರಿನಲ್ಲಿ ದೂರು ಹೋಗುತ್ತದೆ.

ಅದೇ ಫಾರ್ಮಿನಲ್ಲಿ ಸಂಯೋಜಕರ ಹೆಸರು ತುಂಬುವ ಜಾಗ ಇರುತ್ತದೆ. ಮೂರು ಹಾಡುಗಳಿಗೆ ಸಹಿ ಹಾಕಿದವರ ಪೂರ್ತಿ ಹೆಸರನ್ನು, ಹಾಳೆಯಲ್ಲಿರುವ ಅದೇ ಕಾಗುಣಿತದಲ್ಲಿ, ಅಲ್ಲಿ ಬರೆಯಿರಿ. ‘ಸಲ್ಲಿಸು’ ಒತ್ತುವ ಮುಂಚೆ ಅದರ ಸ್ಕ್ರೀನ್‌ಶಾಟ್ ತೆಗೆದು ಮೂವರಿಗೂ ಕಳಿಸಿ.